ಎವರೇಜಿಗೊಂದು ಒಪ್ಪೋಲೆ

ನನ್ನ ಬರೆಯುವ ಮೇಜಿನ ಮೇಲೆ, ಹಾಳೆ ಗಾಳಿಗೆ ಹಾರದಂತೆ, ಒಂದು ಹಳೆಯ ಸ್ಪಾರ್ಕ್ ಪ್ಲಗ್ ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವನ ಮೇಜಿನ ಮೇಲೆ ತಾಮ್ರಪಟದ ತುಣುಕೋ ಸವೆದ ನಾಣ್ಯವೋ ಇರಬೇಕಾಗಿತ್ತು, ಇದೇನು ಗ್ಯಾರೇಜಿನ ಕಸ ಎಂಬ ಪ್ರಶ್ನೆ ಅವರ ಮುಖದಲ್ಲಿ ಮೂಡುತ್ತದೆ. "ಭಾರಕ್ಕಂತ ಇಟ್ಟೀನ್ರಿ" ಎಂದು ಹೇಳಿ ಮಾತು ಬದಲಿಸುತ್ತೇನೆ. ಹಾಗೆ ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಅದರ ಕೆಳಗೆ ಎಷ್ಟೋ ದಿನಗಳಿಂದ ಒಂದೇ ಹಾಳೆ ಇರುವುದನ್ನು ಮಾತ್ರ ಯಾರೂ ಗಮನಿಸಿಲ್ಲ.

ಪ್ಲಗ್ ಕೊಟ್ಟವರು ದಸ್ತಗೀರ ಮಿಸ್ತ್ರಿ. ಚಿಕ್ಕೋಡಿಯ ನಿಪ್ಪಾಣಿ ರಸ್ತೆಯಲ್ಲಿ ಅವರ ಗ್ಯಾರೇಜು ಇತ್ತು. ನನ್ನ ಮನೆಯ ಗೇಟಿನಿಂದ ಅದರ ತಗಡಿನ ಬಾಗಿಲಿಗೆ ಸರಿಯಾಗಿ ಒಂದು ಕಿಲೋಮೀಟರು. ಮೊದಲು ಸ್ಕೂಟರಿನ ಮೀಟರಿನಲ್ಲಿ ಅಳೆದಿದ್ದೆ. ಕಾರು ಬಂದ ಮೇಲೆ ಅದರ ಮೀಟರಿನೊಂದಿಗೆ ತಾಳೆ ನೋಡಿದೆ. ಒಂದೇ ಮೂಲವನ್ನು ನಂಬಿ ಏನನ್ನೂ ಬರೆಯಬಾರದೆಂಬುದು ನನ್ನ ವೃತ್ತಿ ಕಲಿಸಿದ ಶಿಸ್ತು. ಆ ಶಿಸ್ತನ್ನು ನಾನು ಒಂದು ಸಲ ಮರೆತೆ. ಮರೆತದ್ದು ಶಾಸನದ ವಿಷಯದಲ್ಲಾಗಿದ್ದರೆ ಇನ್ನೊಬ್ಬ ಸಂಶೋಧಕ ಎಂದಾದರೂ ತಿದ್ದುತ್ತಿದ್ದ. ಮರೆತದ್ದು ಒಬ್ಬ ಮನುಷ್ಯನ ವಿಷಯದಲ್ಲಿ.

ನಮ್ಮ ಸೀಮೆಯ ಒಂದು ಶಬ್ದವನ್ನು ಇಲ್ಲಿಯೇ ಹೇಳಿಬಿಡಬೇಕು. ಬೆಂಗಳೂರು, ಮೈಸೂರಿನ ಕಡೆಯವರು 'ಗಾಡಿ ಮೈಲೇಜ್ ಎಷ್ಟು' ಎಂದು ಕೇಳುತ್ತಾರಷ್ಟೆ. ನಿಪ್ಪಾಣಿಯಿಂದ ಅಥಣಿಯವರೆಗೆ ನಾವು ಕೇಳುವುದು 'ಎವರೇಜ್ ಎಷ್ಟ ಕೊಡತೈತಿ' ಎಂದು. ಗಡಿಯಾಚೆಯ ಮರಾಠಿಯವರದೂ ಅದೇ ಮಾತು. ಯಾರು ಯಾರಿಂದ ಪಡೆದರೆಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ. ಆದ್ದರಿಂದ ಆ ಚರ್ಚೆಗೆ ಇಳಿಯುವುದಿಲ್ಲ. ಕಾಗವಾಡದಲ್ಲೊಮ್ಮೆ ಬಂಧುಗಳೊಂದಿಗೆ ಗಂಡಿನ ಮನೆ ನೋಡಲು ಹೋಗಿದ್ದೆ. ಹೆಣ್ಣಿನ ಸೋದರಮಾವ ಮೊದಲು ವಿಚಾರಿಸಿದ್ದು ಬಾಗಿಲಲ್ಲಿ ನಿಂತಿದ್ದ ಬೈಕಿನ ಎವರೇಜನ್ನು. ವರನ ಸಂಬಳದ ಮಾತು ಬಂದದ್ದು ಚಹಾ ಆದ ಮೇಲೆ.

ಸ್ಕೂಟರ್ ತೆಗೆದುಕೊಂಡು ಮೊದಲ ಸಲ ಗ್ಯಾರೇಜಿಗೆ ಹೋದ ದಿನವೇ ನಾನು ದಸ್ತಗೀರ ಮಿಸ್ತ್ರಿಯ ಈ ಶಬ್ದವನ್ನು ತಿದ್ದಲು ಹೊರಟೆ.

"ಎವರೇಜ್ ಅಂದ್ರ ಸರಾಸರಿ ಅಂತ ಅರ್ಥ, ಮಿಸ್ತ್ರಿ. ಯಾವುದರ ಸರಾಸರಿ ಅಂತ ಹೇಳಬೇಕಾಕ್ಕೈತಿ. ಮೈಲೇಜ್ ಅನ್ನೂದು ಸರಿಯಾದ ಶಬ್ದ ನೋಡ್ರಿ."

ಅವರು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ಒಮ್ಮೆ ನೋಡಿದರು. "ಮೈಲಿ ಕಲ್ಲ ಕಿತ್ತ ಒಗದು ಎಷ್ಟ ವರ್ಷಾತ್ರಿ ಸರ? ಈಗ ಎಲ್ಲಾ ಕಿಲೋಮೀಟರ. ಇಲ್ಲದ ಮೈಲಿದು ಮೈಲೇಜ್ ನಾ ಎಲ್ಲಿಂದ ತರ್ಲಿ?"

ಅಂದಿನಿಂದ ಇಪ್ಪತ್ತೆಂಟು ವರ್ಷ ನಾನು ಅವರ ಕಾಯಂ ಗಿರಾಕಿ. ಇಪ್ಪತ್ತೆಂಟು ಎಂಬುದನ್ನು ಡೈರಿಗಳಲ್ಲಿ ಪರಿಶೀಲಿಸಿಯೇ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ರಾಯಬಾಗದಲ್ಲಿ. ಅಲ್ಲಿ ಆಗ ಎಲ್ಲವೂ ಎಣ್ಣೆಯೇ ಆಗಿತ್ತು. ದೀಪಕ್ಕೆ ಹಾಕುವುದು ಚಿಮಣಿ ಎಣ್ಣಿ, ಮೋಟಾರಿಗೆ ಹಾಕುವುದು ಬರಿಯ ಎಣ್ಣಿ, ಕುಡುಕರು ಕುಡಿಯುವುದೂ ಎಣ್ಣಿ. ಯಾವ ಎಣ್ಣೆಯೆಂಬುದನ್ನು ಆಡುವವರ ಮುಖ ನೋಡಿ ತಿಳಿಯಬೇಕಾಗಿತ್ತು. ಕುತ್ತಿಗೆಗೆ ಸುತಳಿ ಕಟ್ಟಿದ ಬಾಟಲಿ ಹಿಡಿದು ಪಡಿತರದ ಅಂಗಡಿಗೆ ಹೋಗುತ್ತಿದ್ದೆ. ಆ ವಾಸನೆ ಕೈಯಿಂದ ಬರೆಯುವ ಪಾಟಿಗೆ, ಪಾಟಿಯಿಂದ ಪುಸ್ತಕಕ್ಕೆ ಹತ್ತಿ, ಇಂದಿಗೂ ಮಗ್ಗಿ ನೆನಪಾದರೆ ಮೂಗಿಗೆ ಚಿಮಣಿ ಎಣ್ಣೆಯೇ ಬರುತ್ತದೆ. ಆ ಎಣ್ಣೆಗೆ ಮುಂದೆ ಸರಕಾರ ನೀಲಿ ಬಣ್ಣ ಬೆರೆಸಿತು. ನಮ್ಮೂರಿಗೆ ನೀಲಿ ಎಣ್ಣೆ ಬಂದ ವರ್ಷವನ್ನು ಬಹಳ ಹುಡುಕಿದೆ. ಮೂವರು ಮೂರು ವರ್ಷ ಹೇಳಿದರು. ಆದ್ದರಿಂದ ಖಾಲಿ ಬಿಡುತ್ತೇನೆ.

ಬಣ್ಣ ಬೆರೆಸಿದ್ದು ಅದನ್ನು ಯಾರೂ ಕದ್ದು ಗಾಡಿಗೆ ಹಾಕಬಾರದೆಂದು. ಹಾಕುವವರು ಹಾಕಿಯೇ ಹಾಕಿದರು. ರಾಯಬಾಗ, ಚಿಕ್ಕೋಡಿಯ ನಡುವೆ ಓಡುತ್ತಿದ್ದ ವಡಾಪ್ ಜೀಪುಗಳು, ಎಂದರೆ ಒಂಬತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ತುರುಕಿಕೊಂಡು ಹೋಗುವ ಸವಾರಿ ಗಾಡಿಗಳು, ಡೀಸೆಲ್ಲಿಗೆ ಅದನ್ನು ಬೆರೆಸಿಕೊಂಡು ಓಡುತ್ತಿದ್ದವು. ಒಮ್ಮೆ ನನ್ನ ಅಜ್ಜಿ ನನ್ನೊಂದಿಗೆ ಅಂಥ ಜೀಪಿನಲ್ಲಿ ಕುಳಿತು, ಮೂಗಿಗೆ ಸೆರಗು ಹಿಡಿದು, ಪಕ್ಕದವಳನ್ನು ಕೇಳಿದಳು: "ಇಲ್ಲೆ ಯಾರರ ಸ್ಟೋ ಹಚ್ಚ್ಯಾರೇನ ಬೇ? ಚಹಾ ಇಟ್ಟಂಗ ವಾಸನಿ ಬರಾಕತ್ತೈತಿ." ಚಾಲಕ ತಿರುಗಿ, "ಇನ್ನ ಎರಡ ಊರ ದಾಟಿದ್ರ ಕುದಿ ಬರತೈತಿ ಅಜ್ಜಿ, ತಡಿ" ಎಂದ. ಜೀಪು ಪೂರಾ ನಕ್ಕಿತು. ಇಂಧನದೊಳಗೆ ಬೇರೆಯದು ಬೆರೆತರೆ ಮೂಗಿಗೆ ಮೊದಲು ತಿಳಿಯುತ್ತದೆಂದು ನನ್ನ ಅಜ್ಜಿಗೆ ಗೊತ್ತಿತ್ತು. ಅಷ್ಟು ಓದಿದ ಅವಳ ಮೊಮ್ಮಗನಿಗೆ ಅದು ಸಮಯಕ್ಕೆ ಸರಿಯಾಗಿ ನೆನಪಾಗಲಿಲ್ಲ.

ದಸ್ತಗೀರ ಮಿಸ್ತ್ರಿಗೆ ಮೂಗಿಗಿಂತ ಹೆಚ್ಚಾಗಿ ಕಣ್ಣಿನ ಮೇಲೆ ನಂಬಿಕೆ. ಗಾಡಿ ಬಂದೊಡನೆ ಪ್ಲಗ್ ಬಿಚ್ಚಿ ಅದರ ತುದಿಯನ್ನು ಬಿಸಿಲಿಗೆ ಹಿಡಿಯುತ್ತಿದ್ದರು. "ಕರ್ರಗ ಮಸಿ ಹಿಡಿದಿದ್ರ ಚಿಮಣಿ ಎಣ್ಣಿ ಕುಡದೈತಿ ಅಂತ ತಿಳೀರಿ. ಜಿಡ್ಡ ಇದ್ರ ರಿಂಗ್ ಹೋಗ್ಯಾವ. ಬಿಸ್ಕೀಟ್ ಬಣ್ಣ ಇದ್ರ ತಬ್ಯೇತ ಚಲೋ ಐತಿ." ನಾನು ಶೇಡಬಾಳದ ಬಸದಿಯ ಒಂದು ಸವೆದ ಕಲ್ಲನ್ನು ಬಿಸಿಲು ಓರೆಯಾಗುವವರೆಗೆ ಕಾದು ಓದಿದ ಕಥೆ ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. "ಹಂಗಾರ ನಂದೂ ಶಾಸನದ ಕೆಲಸಾನ ಅನ್ನ್ರಿ!" ಅಂದಿನಿಂದ ಅವರ ಬಾಯಲ್ಲಿ ಪ್ಲಗ್ಗಿಗೆ ಶಾಸನವೆಂದೇ ಹೆಸರಾಯಿತು. "ಸರ, ನಿಮ್ಮ ಸ್ಕೂಟರಿನ ಶಾಸನ ಈ ಸಲ ಚಲೋ ಬರದೈತಿ" ಎನ್ನುತ್ತಿದ್ದರು. ದಸರೆಗೆ ನಾವು ಬನ್ನಿ ಎಲೆ ಕೊಟ್ಟು ಬಂಗಾರವೆನ್ನುತ್ತೇವಲ್ಲ, ಆ ಬಂಗಾರ ನಮ್ಮ ಮನೆಗೆ ಪ್ರತಿವರ್ಷ ಮೊದಲು ಬರುತ್ತಿದ್ದುದು ಗ್ರೀಸು ಮೆತ್ತಿದ ಅವರ ಕೈಯಿಂದ.

ಗಡಿಯಲ್ಲಿ ಬಾಳುವವರಿಗೆ ಎಣ್ಣೆಯ ದರ ಪಂಚಾಂಗದಷ್ಟೇ ಮುಖ್ಯ. ಅದೇ ಪೆಟ್ರೋಲಿಗೆ ಗಡಿಯ ಈಚೆ ಒಂದು ದರ, ಆಚೆಯ ರಾಜ್ಯದಲ್ಲಿ ಇನ್ನೊಂದು. ಮಿರಜದ ಗಾಡಿಗಳು ಕಾಗವಾಡಕ್ಕೆ ಬಂದು ಟಾಕಿ ತುಂಬಿಸಿಕೊಂಡು ಹೋಗುವುದನ್ನು ಎಲ್ಲರೂ ಬಲ್ಲರು. ನಾನೂ ಹಿಂದುಳಿದವನಲ್ಲ. ಒಂದು ಬೇಸಿಗೆಯಲ್ಲಿ ಕೊಲ್ಹಾಪುರಕ್ಕೆ ಹೊರಟಾಗ, ಅಲ್ಲಿಯ ದರಕ್ಕೆ ಒಂದು ಹನಿಯನ್ನೂ ಕೊಳ್ಳಬಾರದೆಂದು ನಿಪ್ಪಾಣಿಯಲ್ಲಿ ಟಾಕಿಯನ್ನು ಕುತ್ತಿಗೆಯವರೆಗೆ ತುಂಬಿಸಿದೆ. ಬಿಸಿಲಿಗೆ ಪೆಟ್ರೋಲು ಹಿಗ್ಗಿ ಹೊರಗೆ ಸುರಿದು ಕಾರಿನ ಬದಿಯಲ್ಲಿ ಗೆರೆ ಮೂಡಿತು. "ಉಳಿಸಿದ್ದನ್ನೆಲ್ಲ ರಸ್ತಾಕ್ಕ ಕುಡಿಸಿದ್ರಿ" ಎಂದಳು ಹೆಂಡತಿ ಸುಶೀಲಾ. ಆ ದಿನದ ಎವರೇಜ್ ನನ್ನ ಡೈರಿಯಲ್ಲಿ ಇಲ್ಲ.

ಉಳಿದೆಲ್ಲ ದಿನಗಳದ್ದು ಇದೆ. ಪ್ರತಿ ಸಲ ಟಾಕಿ ತುಂಬಿಸಿದಾಗ ಮೀಟರಿನ ಅಂಕಿ, ಲೀಟರು, ದಿನಾಂಕ, ವಾರ, ಇವಿಷ್ಟನ್ನು ಬರೆದಿಡುವುದು ನನ್ನ ಅಭ್ಯಾಸ. ದಿನಾಂಕ ಮತ್ತು ವಾರ ತಾಳೆಯಾಗದ ತಾಮ್ರಪಟವನ್ನು ಖೊಟ್ಟಿಯೆಂದು ಸಂಶಯಿಸುವ ಶಾಸ್ತ್ರ ನನ್ನದು. ಅದನ್ನೇ ಪೆಟ್ರೋಲಿಗೂ ಹಚ್ಚಿದ್ದೆ.

ನಿವೃತ್ತನಾದ ಹೊಸದರಲ್ಲಿ ಒಮ್ಮೆ ಮೂರು ತಿಂಗಳು ಮೇಲಿನ ದರ್ಜೆಯ ದುಬಾರಿ ಪೆಟ್ರೋಲನ್ನೇ ಹಾಕಿಸಿದೆ. ಅದರ ಆಕ್ಟೇನ್ ಸಂಖ್ಯೆ ಸಾದಾ ಪೆಟ್ರೋಲಿಗಿಂತ ಹೆಚ್ಚು. ಹೆಚ್ಚು ಅಂಕ ಪಡೆದದ್ದು ಹೆಚ್ಚು ದೂರ ಓಡಬೇಕೆಂಬುದು ನನ್ನ ತರ್ಕ. ನನ್ನ ಪಟ್ಟಿಯಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಮಿಸ್ತ್ರಿ ನಕ್ಕರು.

"ಆ ನಂಬರ್ ಅಂದ್ರ ಬಲ ಅಲ್ರಿ ಸರ, ತಾಳ್ಮಿ. ಒಳಗ ಎಷ್ಟ ಒತ್ತಡ ಬಿದ್ರೂ ಕಿಡಿ ಬೀಳೂತನಕ ಹೊತ್ತದಂಗ ತಡಕೊಂಡ ಕುಂಡ್ರೂ ತಾಳ್ಮಿ. ತಾಳ್ಮಿ ಇಲ್ಲದ ಎಣ್ಣಿ ಕಿಡಿಗಿಂತ ಮೊದಲ ಹೊತ್ತತೈತಿ. ಆಗ ಇಂಜಿನ್ ಟಕ ಟಕ ನಾಕ್ ಹೊಡೀತೈತಿ. ದೊಡ್ಡ ಒತ್ತಡದ ಇಂಜಿನ್ನಿಗೆ ದೊಡ್ಡ ತಾಳ್ಮಿ ಬೇಕ. ನಿಮ್ಮ ಗಾಡಿ ಬಡಪಾಯಿ, ಅದಕ್ಕ ಸಾದಾನ ಸಾಕ."

"ಮತ್ತ ಕಸುವು ಎಲ್ಲಿರತೈತಿ?"

"ಕಸುವು ಎಣ್ಣಿ ಜಾತಿಯೊಳಗ ಇರತೈತ್ರಿ. ಡೀಸೆಲ್ ದಪ್ಪ ಎಣ್ಣಿ, ಒಂದ ಲೀಟರಿನಾಗ ಕಸುವು ಹೆಚ್ಚ, ಹಂಗಂತ ಎವರೇಜ್ ಹೆಚ್ಚ. ನಂಬರ್ ಬ್ಯಾರೆ, ಕಸುವು ಬ್ಯಾರೆ."

ಇಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡವನು ನಾನು. ಅದನ್ನು ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಗ್ಯಾರೇಜಿನಲ್ಲಿ ಕೇಳಿದ್ದನ್ನು ಆಧಾರವೆಂದು ನಾನು ಎಣಿಸಿರಲಿಲ್ಲ.

ಹಿಂದಿನ ಅಲ್ಲ, ಅದರ ಹಿಂದಿನ ದಸರೆಯ ಮಾತು. ಖಂಡೇಪೂಜೆಗೆ, ಎಂದರೆ ಆಯುಧಪೂಜೆಗೆ, ನಾಲ್ಕು ದಿನವಿರುವಾಗ ಕಾರನ್ನು ಮಿಸ್ತ್ರಿಯ ಬಳಿ ಬಿಟ್ಟು ಬಂದೆ. ಯಾಕೋ ಗಾಡಿ ಜಡವಾಗಿದೆ, ಏರು ಹತ್ತುವಾಗ ಏದುಸಿರು ಬಿಡುತ್ತದೆ, ಒಮ್ಮೆ ಪೂರ್ತಿ ಬಿಚ್ಚಿ ನೋಡಿರೆಂದು ನಾನೇ ಹೇಳಿದ್ದೆ. ಈ ವಾಕ್ಯವನ್ನು ಓದುಗರು ನೆನಪಿಡಬೇಕು, ನಾನು ನೆನಪಿಡಲಿಲ್ಲ. ಅವರು ಪ್ಲಗ್ ಬದಲಿಸಿದರು, ಹಳೆಯ ರಬ್ಬರ್ ಪೈಪು ಬದಲಿಸಿದರು, ತೊಳೆದು ಒರೆಸಿ ಪೂಜೆಗೆ ಕೊಟ್ಟರು.

ಕಾರ್ತಿಕ ಮಾಸದಲ್ಲಿ ಲೆಕ್ಕ ತೆಗೆದೆ. ಸರ್ವಿಸಿಗೆ ಮೊದಲಿನ ಆರು ತಿಂಗಳ ಸರಾಸರಿ ಲೀಟರಿಗೆ ಹದಿನೇಳೂವರೆ ಕಿಲೋಮೀಟರು; ಅನಂತರದ್ದು ಹದಿನಾರೂವರೆ. ನಡುವೆ ಸರ್ವಿಸಿನ ದಿನಾಂಕಕ್ಕೆ ಕೆಂಪು ಗೆರೆ ಎಳೆದೆ. ಸಂಶೋಧಕನಿಗೆ ಒಂದು ಗೆರೆ ಸಿಕ್ಕರೆ ಆಗುವ ಹಿಗ್ಗನ್ನು ಬಲ್ಲವರೇ ಬಲ್ಲರು. ಹಾಳೆಯನ್ನು ಮಡಿಚಿಕೊಂಡು ಗ್ಯಾರೇಜಿಗೆ ಹೋದೆ. ಕಬ್ಬಿನ ಹಂಗಾಮು ಆರಂಭವಾಗಿತ್ತು. ರಸ್ತೆಯ ತುಂಬ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು. ಗ್ಯಾರೇಜಿನಲ್ಲಿ ಐದಾರು ಜನ ಕುಳಿತಿದ್ದರು. ನಾಳೆ ಬಂದರೂ ಆಗುತ್ತಿತ್ತು.

"ಮಿಸ್ತ್ರಿ, ಇದನ್ನ ನೋಡ್ರಿ. ಮೊದಲ ಹದಿನೇಳೂವರಿ, ಆಮ್ಯಾಲ ಹದಿನಾರೂವರಿ. ನಡಕ ಬಿದ್ದದ್ದು ಒಂದ, ನಿಮ್ಮ ಕೈ."

ಅವರು ಚಿಂದಿಯಿಂದ ಕೈ ಒರೆಸಿಕೊಂಡು ಹಾಳೆ ನೋಡಿದರು. "ಗಾಡಿ ಅದ ಐತ್ರಿ ಸರ. ಎಣ್ಣಿ ಬದಲಾಗೈತಿ."

"ಅದ ಪಂಪ್, ಅದ ನಳ. ಎಣ್ಣಿ ಹೆಂಗ ಬದಲಾಕ್ಕೈತಿ?"

"ಕಬ್ಬಿನ ಸ್ಪಿರಿಟ್ ಕೂಡಸ್ತಾರಲ್ರಿ ಪೆಟ್ರೋಲಿನಾಗ, ಎಥೆನಾಲ್ ಅಂತ. ಮೊದಲ ಸ್ವಲ್ಪ ಇರ್ತಿತ್ತು, ಈಗ ಹೆಚ್ಚ ಮಾಡ್ಯಾರ. ಲೀಟರ್ ಅದ, ದರ ಅದ, ಒಳಗಿನ ಕಸುವು ಕಮ್ಮಿ. ನಮ್ಮ ಹೊಲದಾಗಿನ ಕಬ್ಬ ಸುತ್ತ ಹಾಕಿ ನಿಮ್ಮ ಟಾಕ್ಯಾಗ ಬರಾಕತ್ತೈತ್ರಿ."

"ಅಂದ್ರ ಗಾಡಿಗೂ ಎಣ್ಣಿ ಹೊಡಸಾಕತ್ತಾರನ್ನು ಮಾಮಾ!" ಎಂದ ಕುಳಿತವರಲ್ಲೊಬ್ಬ. "ಹಂಗಂತನ ಸರ ಗಾಡಿ ಏರಿನ್ಯಾಗ ತೂರಾಡತೈತಿ."

ಎಲ್ಲರೂ ನಕ್ಕರು. ಅಜ್ಜಿಯ ಜೀಪಿನಲ್ಲಿ ನಾನೂ ನಕ್ಕಿದ್ದೆ. ಇಲ್ಲಿ ನನ್ನ ಹಾಳೆಯನ್ನು ನೋಡಿ ನಕ್ಕರೆಂದುಕೊಂಡೆ. ದನಿ ಏರಿಸಿದೆ. "ಆ ಸ್ಪಿರಿಟ್ಟಿನ ಆಕ್ಟೇನ್ ನಂಬರ್ ಪೆಟ್ರೋಲಿಗಿಂತ ಹೆಚ್ಚೈತಿ, ಪೇಪರಿನಾಗ ಓದೀನಿ. ನಂಬರ್ ಹೆಚ್ಚಾದ್ರ ಎವರೇಜ್ ಯಾಕ ಕಮ್ಮಿ ಆಕ್ಕೈತಿ? ನಿನ್ನ ಕೈ ಕೆಟ್ಟೈತಿ ಅಂತ ಒಪ್ಪಿಕೋ. ಓದಿಲ್ಲದ ಮಾತ ಆಡಬ್ಯಾಡ."

ನಮ್ಮ ಕಡೆ ಮಾತಿನ ಕೊನೆಗೊಂದು 'ರಿ' ಇರುತ್ತದೆ. ಹಣ ಹೋದರೂ ಹೊಲ ಹೋದರೂ ಅದನ್ನು ಬಿಡಬಾರದೆಂದು ಹಿರಿಯರು ಕಲಿಸಿರುತ್ತಾರೆ. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ನನ್ನ ಬಾಯಿಂದ ಅದು ಬಿದ್ದುಹೋಗಿತ್ತು. ಅಲ್ಲಿದ್ದವರೆಲ್ಲರಿಗೂ ಅದು ಬಿದ್ದ ಸದ್ದು ಕೇಳಿಸಿತು. ನಗು ನಿಂತಿತು.

ಮಿಸ್ತ್ರಿ ಒಳಗೆ ಹೋಗಿ ತಗಡಿನ ಡಬ್ಬಿಯಿಂದ ಒಂದು ಪ್ಲಗ್ ತಂದರು. "ಸರ್ವಿಸ್ ದಿನ ನಿಮ್ಮ ಗಾಡ್ಯಾಗಿಂದ ತಗದ ಹಳೇದ್ರಿ ಇದು. ಇಟಗೋರಿ ಸರ. ಓದಾಕ ಬಂದಾಗ ಓದ್ರಿ." ಅವರ 'ರಿ' ಬಿದ್ದಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಇದು ಇಬ್ಬರ ನಡುವಿನ ಜಗಳವಾಗಿ ಉಳಿಯುತ್ತಿತ್ತು. ಬೆಳಿಗ್ಗೆ ತಿರುಗಾಡಲು ಹೋಗುವ ನಮ್ಮದೊಂದು ನಿವೃತ್ತರ ಗುಂಪು ಇದೆ. ಮುಗಿದ ಮೇಲೆ ಒಂದು ಅಂಗಡಿಯ ಬಾಕು, ಎಂದರೆ ಬೆಂಚಿನ ಮೇಲೆ ಕುಳಿತು ಚಹಾ. ಅಲ್ಲಿ ನಾನು ಹಾಳೆ ಬಿಚ್ಚಿ ಕೆಂಪು ಗೆರೆ ತೋರಿಸಿ ಓದಿದೆ. "ಅಂದ್ರ ದಸ್ತಗೀರನ ಕೈ ಹೋತು ಅನ್ನ್ರಿ" ಎಂದರು ಮಗದುಮ್ ಮಾಸ್ತರರು. ಮೂಲ ಶೇಡಬಾಳದವರು, ಶಾಲೆ ಬಿಟ್ಟರೂ ತೀರ್ಪು ಕೊಡುವುದನ್ನು ಬಿಡದವರು. ನಾನು ಅಲ್ಲಗಳೆಯಲಿಲ್ಲ. ದಿನಾಂಕ ಸಮೇತ ಬರೆದುಕೊಂಡು ಬಂದವನ ಮಾತಿಗೆ ಊರಿನಲ್ಲಿ ಬೆಲೆ ಇದೆ. ತಿಂಗಳೊಪ್ಪತ್ತಿನಲ್ಲಿ ಆ ಗುಂಪಿನ ಕಾರುಗಳೆಲ್ಲ ಬೆಳಗಾವಿಗೆ ಸರ್ವಿಸಿಗೆ ಹೋಗತೊಡಗಿದವು. ಅವರನ್ನು ನೋಡಿ ಬೇರೆಯವರವೂ ಹೋದವು. ನನ್ನದೂ ಹೋಯಿತು. ಅಲ್ಲಿ ಗಾಜಿನ ಕೋಣೆಯಲ್ಲಿ 'ಎಲ್ಲಾ ನಾರ್ಮಲ್ ಐತ್ರಿ' ಎಂಬ ಕಾಗದ ಕೊಟ್ಟರು. ಎವರೇಜ್ ಹದಿನಾರೂವರೆಯೇ ಉಳಿಯಿತು. ಅದನ್ನು ಡೈರಿಯಲ್ಲಿ ಬರೆದೆ, ಚಹಾದಂಗಡಿಯಲ್ಲಿ ಓದಲಿಲ್ಲ.

ಮುಂದಿನ ಮಳೆಗಾಲದಲ್ಲಿ ಗ್ಯಾರೇಜಿನ ತಗಡಿನ ಬಾಗಿಲು ಮುಚ್ಚಿತು. ಮಿಸ್ತ್ರಿ ಮಗಳ ಊರಾದ ಅಥಣಿಗೆ ಹೋದರೆಂದು ಕೇಳಿದೆ. ಆ ಜಾಗದಲ್ಲಿ ಈಗ ಬ್ಯಾಟರಿ ಸ್ಕೂಟರುಗಳ ಅಂಗಡಿ ಇದೆ. ನನ್ನ ಮಾತಿನಿಂದಲೇ ಮುಚ್ಚಿತೆಂದು ಸಾಧಿಸಲು ನನ್ನ ಬಳಿ ಆಧಾರವಿಲ್ಲ. ಅಲ್ಲವೆಂದು ಸಾಧಿಸಲೂ ಇಲ್ಲ. ಆ ದಸರೆಗೆ ನಮ್ಮ ಮನೆಗೆ ಮೊದಲ ಬನ್ನಿ ಯಾರು ತಂದರೆಂದು ನೆನಪಿಲ್ಲ. ಯಾರು ತರಲಿಲ್ಲವೆಂಬುದು ನೆನಪಿದೆ. "ಈ ಸಲ ಬಂಗಾರ ತಡಾ ಆತು" ಎಂದಷ್ಟೇ ಹೇಳಿ ಸುಶೀಲಾ ಒಳಗೆ ಹೋದಳು.

ಹೀಗೆ ಹದಿನಾಲ್ಕು ತಿಂಗಳು ಕಳೆದವು. ಸಂಕ್ರಾಂತಿಗೆ ವಾರವಿರುವಾಗ, ಒಂದು ಮಧ್ಯಾಹ್ನ, ನನ್ನ ಹಳೆಯ ಲೇಖನಗಳ ಸಂಕಲನದ ಕರಡು ತಿದ್ದುತ್ತ ಕುಳಿತಿದ್ದೆ. ಗದ್ಯಾಣದ ಬಗ್ಗೆ ಎಂದೋ ಬರೆದ ಲೇಖನ. ಶಾಸನಗಳಲ್ಲಿ ಬರುವ ಈ ಚಿನ್ನದ ನಾಣ್ಯಕ್ಕೆ ಎಲ್ಲ ಕಾಲದಲ್ಲಿಯೂ ಒಂದೇ ಹೆಸರು. ತೂಕ, ಚಿನ್ನದ ಪಾಲು ಮಾತ್ರ ಕಾಲಕ್ಕೊಂದು, ಟಂಕಸಾಲೆಗೊಂದು. 'ಹೆಸರು ಒಂದೇ ಎಂದ ಮಾತ್ರಕ್ಕೆ ಒಳಗಿನ ಲೋಹವೂ ಒಂದೇ ಎಂದು ಭಾವಿಸುವುದು ಸಂಶೋಧಕನು ಮಾಡಬಹುದಾದ ಮೊದಲ ತಪ್ಪು' ಎಂದು ತರುಣನೊಬ್ಬನಿಗೆ ಬುದ್ಧಿ ಹೇಳುವ ಧಾಟಿಯಲ್ಲಿ ಬರೆದಿದ್ದೆ. ಕಾಗುಣಿತ ತಿದ್ದಲೆಂದು ಹಾಳೆಯ ಮೇಲಿದ್ದ ಭಾರವನ್ನು ಸರಿಸಿದೆ. ಭಾರವೆಂದರೆ ಆ ಪ್ಲಗ್. ಸಿಟ್ಟಿನಲ್ಲಿ ತಂದು ಮೇಜಿನ ಮೇಲೆ ಒಗೆದದ್ದು ಅಲ್ಲಿಯೇ ಉಳಿದು ಕೆಲಸಕ್ಕೆ ಸೇರಿತ್ತು.

ಕಿಟಕಿಯ ಬಿಸಿಲಿಗೆ ಅದರ ತುದಿ ಹಿಡಿದೆ. ಮಸಿ ಇಲ್ಲ, ಜಿಡ್ಡಿಲ್ಲ. ಬಿಸ್ಕೀಟ್ ಬಣ್ಣವೂ ಇಲ್ಲ. ಬೂದಿಯಂತೆ ಬಿಳಿಚಿಕೊಂಡಿತ್ತು. ಇಪ್ಪತ್ತೆಂಟು ವರ್ಷ ಅವರ ಕೈಯಲ್ಲಿ ನಾನು ನೋಡಿದ ಯಾವ ಪ್ಲಗ್ಗೂ ಹಾಗಿರಲಿಲ್ಲ; ಒಳಗೆ ಉರಿದ ಎಣ್ಣೆಯೇ ಬೇರೆಯಾಗಿತ್ತು. ಇದು ಸರ್ವಿಸಿನ ದಿನ ಹೊರಗೆ ತೆಗೆದದ್ದು; ಎಂದರೆ ಇದರ ಮೇಲಿನ ಬರಹವೆಲ್ಲ ಮಿಸ್ತ್ರಿ ಗಾಡಿಯನ್ನು ಮುಟ್ಟುವುದಕ್ಕಿಂತ ಮೊದಲಿನದು. ಕಾಲನಿರ್ಣಯಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಯಾರಿಗೆ ಸಿಕ್ಕೀತು? ಓದಲು ಬಾರದವನ ಕೈಗೆ ಅದನ್ನು ಕೊಟ್ಟಿದ್ದರು.

ಡೈರಿ ತೆಗೆದು ಪಟ್ಟಿಯನ್ನು ಮೊದಲಿನಿಂದ ನೋಡಿದೆ. ಸರ್ವಿಸಿಗೆ ಮುಂಚಿನ ಕೊನೆಯ ಎರಡು ಸಲದ ಎವರೇಜ್ ಆಗಲೇ ಹದಿನಾರೂವರೆಗೆ ಇಳಿದಿತ್ತು. ಗಾಡಿ ಜಡವಾಗಿದೆಯೆಂದು ನಾನು ಒಯ್ದದ್ದೇ ಅದಕ್ಕಾಗಿ. ಆದರೆ ಆರು ತಿಂಗಳ ಅಂಕಿಗಳನ್ನು ಕೂಡಿಸಿ ಭಾಗಿಸಿದಾಗ ಆ ಎರಡು ಅಂಕಿಗಳು ಉಳಿದವುಗಳಲ್ಲಿ ಮುಳುಗಿಹೋಗಿದ್ದವು. 'ಯಾವುದರ ಸರಾಸರಿ ಅಂತ ಹೇಳಬೇಕಾಕ್ಕೈತಿ' ಎಂದು ಅವರಿಗೆ ಪಾಠ ಹೇಳಿದವನು ನಾನೇ.

ಅಂದು ಸಂಜೆ ಪಂಪಿಗೆ ಹೋದೆ. "ಸೊನ್ನಿ ನೋಡ್ರಿ ಸರ" ಎಂದಳು ನಳ ಹಿಡಿದ ಹೆಣ್ಣುಮಗಳು, ಎಂದಿನಂತೆ. ವರ್ಷಗಟ್ಟಲೆ ನಾನು ಆ ಸೊನ್ನೆಯನ್ನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಅದರ ಒಂದು ಗೇಣು ಮೇಲೆ, ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟು ಪಾಲು ಎಂದು ಬರೆದ ಚೀಟಿ ಅಂಟಿಸಿತ್ತು. ಅಂಚು ಎದ್ದು ಧೂಳು ಕುಳಿತಿತ್ತು. "ಇದು ಯಾವಾಗ ಹಚ್ಚಿದ್ದು ತಂಗಿ?" ಎಂದೆ. "ಬಾಳ ದಿನಾತ್ರಿ. ಹ್ವಾದ ವರ್ಷದ ಹಿಂದಿನ ಗಣಪತಿ ಹಬ್ಬಕ್ಕೂ ಮೊದಲ. ಓದೂ ಮಂದಿ ನೀವ, ನೋಡಿಲ್ಲೇನ್ರಿ?"

ಗಣಪತಿ ಹಬ್ಬಕ್ಕೆ ಮೊದಲು. ದಸರೆಗೆ ಮೊದಲು. ನನ್ನ ಕೆಂಪು ಗೆರೆಗೆ ಮೊದಲು. ಎಲ್ಲ ದಿನಾಂಕಗಳನ್ನೂ ತಾಳೆ ನೋಡಿದ್ದೆ. ಕೇಳಬೇಕಾಗಿದ್ದ ಈ ಒಂದನ್ನು ಬಿಟ್ಟು. ಕಿಡಿ ಬೀಳುವವರೆಗೆ ತಡೆದುಕೊಂಡಿದ್ದರೆ ಸಾಕಾಗಿತ್ತು.

ಹಳೆಯ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳನ್ನು ತಿದ್ದಿ ಒಂದು ಹಾಳೆ ಅಂಟಿಸುತ್ತಿದ್ದರು. ಅದಕ್ಕೆ ಒಪ್ಪೋಲೆಯೆಂದು ಹೆಸರು. ನಾನೊಂದು ಒಪ್ಪೋಲೆ ಬರೆದೆ. ಎಡಕ್ಕೆ 'ತಪ್ಪು', ಬಲಕ್ಕೆ 'ಒಪ್ಪು'. ಎಡಕ್ಕೆ: ಮಿಸ್ತ್ರಿಯ ಕೈ ಕೆಟ್ಟಿದೆ. ಬಲಕ್ಕೆ: ಎಣ್ಣೆ ಬದಲಾಗಿದೆ, ನನ್ನ ಲೆಕ್ಕ ತಪ್ಪಿದೆ. ಸಂಕ್ರಾಂತಿಯ ಮರುದಿನ ಅಥಣಿಗೆ ಹೊರಟಾಗ ಸುಶೀಲಾ ಕುಸುರೆಳ್ಳಿನ ಡಬ್ಬಿ ಕೈಗಿಟ್ಟಳು. "ಮೊದಲ ಇದನ್ನ ಕೊಡ್ರಿ. ಆಮ್ಯಾಲ ಕಾಗದ ತಗೀರಿ. ನೀವು ಮೊದಲ ಕಾಗದ ತಗೀತೀರಿ, ಅದ ನಿಮ್ಮ ರೋಗ."

ತೆಲಸಂಗದ ರಸ್ತೆಯಲ್ಲಿ, ಊರ ಹೊರಗೆ, ಅಳಿಯನ ಶೆಡ್ಡಿನಲ್ಲಿ ಅವರು ಕಬ್ಬಿನ ಟ್ರ್ಯಾಕ್ಟರೊಂದರ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ನನ್ನ ಚಪ್ಪಲಿ ನೋಡಿಯೇ ಗುರುತು ಹಿಡಿದು, "ಬರ್ರಿ ಸರ, ಕುಂಡ್ರ್ರಿ" ಎಂದರು. ಎದ್ದು ಬಂದಾಗ ಗಡ್ಡ ಪೂರಾ ಬೆಳ್ಳಗಾಗಿದ್ದು ಕಂಡಿತು. ಕುಸುರೆಳ್ಳು ಕೊಟ್ಟೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮನೆಯವರ ಕ್ಷೇಮ ಕೇಳಿದರು. "ಈಗ ಬರೇ ಡೀಸೆಲ್ಲರಿ. ಇದರಾಗ ಶಾಸನ ಇಲ್ಲ, ಪ್ಲಗ್ಗ ಇಲ್ಲಲ್ಲ" ಎಂದು ನಕ್ಕರು.

ನಾನು ಹಾಳೆ ತೆಗೆದು ಓದಿದೆ. ಪಟ್ಟಿ, ದಿನಾಂಕ, ಪ್ಲಗ್ಗಿನ ಬಣ್ಣ, ಪಂಪಿನ ಚೀಟಿ, ಏನನ್ನೂ ಬಿಡಲಿಲ್ಲ.

"ಏನ್ರಿ ಸರ ಇದು?"

"ಒಪ್ಪೋಲೆ ಅಂತಾರ್ರಿ ಮಿಸ್ತ್ರಿ. ಪುಸ್ತಕದಾಗ ತಪ್ಪ ಅಚ್ಚಾದ್ರ ತಿದ್ದಿ ಹಚ್ಚೂ ಹಾಳಿ."

"ಯಾವ ಪುಸ್ತಕಕ್ಕ ಹಚ್ಚತಾರ್ರಿ?"

"ತಪ್ಪಿದ್ದ ಪುಸ್ತಕಕ್ಕ."

ಅವರು ಕೈಯಲ್ಲಿ ಉಳಿದ ಎಳ್ಳನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ತಪ್ಪಿದ್ದ ಪುಸ್ತಕ ಚಿಕ್ಕೋಡ್ಯಾಗ ಉಳೀತಲ್ರಿ ಸರ. ನೀವ ಹಾಳಿ ಅಥಣಿಗೆ ತಂದೀರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಗಾಡಿಯ ದೋಷ ಹೇಳುವಾಗಿನ ದನಿಯೇ ಅದು. ಆಮೇಲೆ ಮಗಳನ್ನು ಕೂಗಿ ಚಹಾ ತರಿಸಿದರು. ಕುಡಿದು, ಊರಿನಲ್ಲಿಯೂ ಓದುತ್ತೇನೆಂದು ಹೇಳಿ ಎದ್ದೆ.

ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಎಲ್ಲರೂ ಕುಳಿತ ಮೇಲೆ ಒಪ್ಪೋಲೆಯನ್ನು ಬಿಚ್ಚಿದೆ.

"ಯಾವ ಮಿಸ್ತ್ರಿ?" ಎಂದರು ಮಗದುಮ್ ಮಾಸ್ತರರು. "ಹಾಂ, ಆ ನಿಪ್ಪಾಣಿ ರೋಡಿನ ದಸ್ತಗೀರ. ಆತನ ಕೈ ಕೆಟ್ಟಿತ್ತಲ್ರಿ ಕಡೀಕ."

"ಹಂಗಂತ ಯಾರ ಹೇಳಿದ್ರು ಮಾಸ್ತರ?"

"ಎಲ್ಲಾರೂ ಅಂತಿದ್ರು."

"ಅಂದಾಂವ ನಾನು. ಇದ ಬಾಕಿನ ಮ್ಯಾಲ ಕುಂತು ಓದಿ ಹೇಳೀನಿ."

ಅವರು ನನ್ನ ಮೊಣಕೈ ತಟ್ಟಿ ನಕ್ಕರು. "ಬಿಡ್ರಿ ಸರ. ನೀವು ಆಧಾರ ಇಲ್ಲದ ಒಂದ ಅಕ್ಷರ ಆಡೂ ಮನುಷ್ಯಾರಲ್ಲ. ಊರಿಗೆ ಗೊತ್ತೈತಿ." ಉಳಿದವರೂ ಹೌದ್ರಿ, ಹೌದ್ರಿ ಎಂದರು. ಮಾತು ಸಕ್ಕರೆ ಕಾಯಿಲೆಗೆ ಹೊರಳಿತು.

ಕರ್ತೃವಿಲ್ಲದ ಶಾಸನಗಳನ್ನು ನಾನು ಬಹಳ ನೋಡಿದ್ದೇನೆ. ಬರೆಸಿದವನ ಹೆಸರು ಅಳಿದು ಬರಹ ಮಾತ್ರ ಉಳಿದಿರುತ್ತದೆ. ಅಂಥದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನೇ ಕೆತ್ತಿದ ಒಂದು ಹೀಗೆ ಊರ ನಡುವೆ ನಿಂತಿದೆ. ನನ್ನ ಒಳ್ಳೆಯ ಹೆಸರೇ ಅದನ್ನು ಕಾಯುತ್ತಿದೆ.

ಎರಡು ದಿನದ ಮೇಲೆ ಮಿಸ್ತ್ರಿಗೆ ಫೋನು ಮಾಡಿದೆ.

"ಓದಿದ್ರೇನ್ರಿ ಸರ?"

"ಓದಿದೆ."

"ಏನಂದ್ರು?"

"ಎಲ್ಲಾರೂ ಒಪ್ಪಿಕೊಂಡಾರ್ರಿ ಮಿಸ್ತ್ರಿ. ಬಾಳ ನೊಂದ್ರು."

ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಸರ," ಎಂದರು ಅವರು, "ನಿಮ್ಮ ದನಿ ನಾಕ್ ಹೊಡ್ಯಾಕತ್ತೈತಿ. ಖರೇ ಏನಾತ ಹೇಳ್ರಿ."

ಹೇಳಿದೆ. ಬಾಕಿನ ಮೇಲೆ ಕುಳಿತು ಆಡಿದ ಮಾತು, ಮಾಸ್ತರರ ನಗು, ನನ್ನ ಮೊಣಕೈ ತಟ್ಟಿದ್ದು, ಎಲ್ಲವನ್ನೂ ಹೇಳಿದೆ.

"ಹಂಗಾರ ಆ ಹಾಳಿ ನಿಮ್ಮ ಹತ್ರಾನ ಇರ್ಲಿ ಸರ. ಮ್ಯಾಲ ಆ ಪ್ಲಗ್ ಇಡ್ರಿ. ಹಾರಿ ಹೋಗಬಾರದು."

ಇಟ್ಟಿದ್ದೇನೆ.